ಹೋಬಾರ್ಟ್‌ಗೆ ಹೊರಟ ಅಕ್ಕಿ ಮೂಟೆ
ಕೊನೆಗೂ ಒಂದು ದೋಣಿಯವರು ಹೂಂ ಅಂದರು. ಡಿಸೆಂಬರ್ 26ಕ್ಕೆ ಸಿಡ್ನಿ–ಹೋಬಾರ್ಟ್ ರೇಸ್, ಆಸ್ಟ್ರೇಲಿಯಾದ ಸಿಡ್ನಿಯಿಂದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್‌ವರೆಗೆ ಹಾಯಿದೋಣಿಗಳ ಓಟ, 628 ನಾಟಿಕಲ್ ಮೈಲಿ (ಸಮುದ್ರದ ಮೈಲಿ), ತಂಡದಲ್ಲಿ ನಾನೂ ಒಬ್ಬ!

ಕೆಲಸ ಏನು ಅಂತೀರಾ? ಜಾಸ್ತಿ ಹೊತ್ತು ದೋಣಿಯ ಅಂಚಿನಲ್ಲಿ ಕಾಲು ಹೊರಗೆ ಇಳಿಬಿಟ್ಟು ಸಾಲಾಗಿ ಕೂರುವುದು, ಗಾಳಿಗೆ ದೋಣಿ ವಾಲಿದಾಗ ನಮ್ಮ ಭಾರವೇ ಅದಕ್ಕೆ ಆಸರೆ, ಹಾಯಿ ತಿರುಗಿಸಿದರೆ ಎಲ್ಲರೂ ಎದ್ದು ಇನ್ನೊಂದು ಬದಿಗೆ ಓಡಬೇಕು, ಮಧ್ಯರಾತ್ರಿ ಆದರೂ ಸರಿ. ಹೆಂಡತಿ ಅಕ್ಕಿ ಮೂಟೆ ಅಂತ ಹೆಸರಿಟ್ಟಿದ್ದಾಳೆ. ಸುಳ್ಳೇನಲ್ಲ. ಆಫೀಸಿನಲ್ಲಿ ಹತ್ತು ಜನರಿಗೆ ಕೆಲಸ ಹೇಳುವವನು ಇಲ್ಲಿ ಬರೀ ತೂಕ. ಯಾಕೋ ಅದೇ ಹಿತವಾಗಿದೆ.

ನಿನ್ನೆ ಈಜುಕೊಳದಲ್ಲಿ ತರಬೇತಿ. ಲೈಫ್ ಜಾಕೆಟ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ರಬ್ಬರ್ ರಾಫ್ಟ್ ಹತ್ತುವಷ್ಟರಲ್ಲಿ ಏದುಸಿರು. ನಿಂತ ನೀರಲ್ಲೇ ಹೀಗೆ! ದಾರಿಯಲ್ಲಿ ಸಿಗುವ, ಆಸ್ಟ್ರೇಲಿಯಾಕ್ಕೂ ಟಾಸ್ಮೇನಿಯಾಕ್ಕೂ ನಡುವಿನ ಬಾಸ್ ಜಲಸಂಧಿ ಆಳ ಕಡಿಮೆ, ಅದಕ್ಕೇ ಅಲೆಗಳು ಗೋಡೆಯ ಹಾಗೆ ಏಳುತ್ತವೆ. ಇದೇ ರೇಸ್‌ನಲ್ಲಿ 1998ರ ಬಿರುಗಾಳಿಗೆ ಸಿಕ್ಕಿ, ಹೊರಟಿದ್ದ 115 ದೋಣಿಗಳಲ್ಲಿ ಗುರಿ ಮುಟ್ಟಿದ್ದು 44, ಆರು ಜನ ತೀರಿಕೊಂಡರು.

ಅಮ್ಮನಿಗೆ ಇದನ್ನೆಲ್ಲ ಹೇಳಿಲ್ಲ. "ಮಲ್ಪೆಯಿಂದ ದ್ವೀಪಕ್ಕೆ ಹೋಗುವಾಗಲೇ ವಾಂತಿ ಮಾಡಿಕೊಂಡವನಲ್ವಾ ನೀನು" ಅಂದರು ಫೋನಿನಲ್ಲಿ. ಒಣಶುಂಠಿ ಪುಡಿ ಕಳಿಸುತ್ತಾರಂತೆ. ಕಸ್ಟಮ್ಸ್‌ನವರು ಬಿಟ್ಟರೆ ಅದೂ ದೋಣಿ ಹತ್ತುತ್ತದೆ.