ಓಂ ಬೀಚಿನ ಬಂಡೆ ಎಣಿಕೆ: ಮೂರನೇ ಸುತ್ತಿನ ತಿದ್ದುಪಡಿಗಳು

ಗೋಕರ್ಣದ ಓಂ ಬೀಚಿನಲ್ಲಿ ಎರಡು ಬಾಗು ಕೂಡುವಲ್ಲಿ ಕಡಲಿಗೆ ಚಾಚಿರುವ ಬಂಡೆಯೇ ವಿದ್ಯಾರ್ಥಿಗಳು ಜೀವಿಗಳನ್ನು ಎಣಿಸುವ ಜಾಗ. ಹಿಂದಿನ ಎರಡು ಸುತ್ತಿನಲ್ಲಿ ಬಂಡೆಯ ಕೆಳಗಿನ ಪಟ್ಟಿ ಮುಟ್ಟುವಷ್ಟರಲ್ಲಿ ನೀರು ಏರಿತ್ತು. ಈ ಸಲ ಅಮಾವಾಸ್ಯೆಯ ಮರುದಿನವನ್ನು ಆರಿಸಿದೆವು. ನೀರು ತೀರಾ ಕೆಳಗಿಳಿಯುವುದು ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ನಡೆಯದು. ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಬಂಡೆಯ ಮೇಲ್ತುದಿಯಲ್ಲಿ ಶುರುಮಾಡಿ, ನೀರಿನ ಬೆನ್ನಿಗೇ ಇಳಿಯಬೇಕು.

ಮೇಲ್ತುದಿಯಿಂದ ನೀರಿನತ್ತ ಹಾಸಲು 30 ಮೀಟರ್ ಹಗ್ಗ, 3 ಮೀಟರಿಗೊಂದು ಗಂಟು, ಎರಡೂ ತುದಿ ಸೇರಿ 11 ಜಾಗ. ಪ್ರತಿ ಜಾಗದಲ್ಲೂ ಚೌಕಟ್ಟು ಇಟ್ಟು ಅದರೊಳಗಿನ ಜೀವಿಗಳನ್ನು ಎಣಿಸುತ್ತೇವೆ, ಒಂದಕ್ಕೆ 8 ನಿಮಿಷ. ಚೌಕಟ್ಟಿಗೆ ಅರ್ಧ ಇಂಚಿನ ಪಿವಿಸಿ ಪೈಪು, ಮೂಲೆ ಜೋಡಿಸಲು ನಾಲ್ಕು ಎಲ್ಬೋ. ಒಳ ಅಳತೆ 50 ಸೆಂ.ಮೀ. ಇದೆಯೇ ಎಂದು ಎಲ್ಬೋ ಕೂಡಿಸಿದ ಮೇಲೆ ಟೇಪು ಹಿಡಿದು ನೋಡಿ. 10 ಸೆಂ.ಮೀ.ಗೊಂದು ದಾರ ಕಟ್ಟಿದರೆ 25 ಮನೆ, ಒಂದು ಮನೆ ಎಂದರೆ ಚೌಕಟ್ಟಿನ ಜಾಗದ 4 ಶೇಕಡಾ. ಪೈಪಿಗೆ ತೂತು ಕೊರೆಯದಿದ್ದರೆ ಗಾಳಿ ಉಳಿದು ಚೌಕಟ್ಟು ತೇಲುತ್ತದೆ.

ಪಾಚಿ, ಸಿಂಪಿ, ಬಂಡೆಗೆ ಅಂಟಿ ಬೆಳೆಯುವ ಗಟ್ಟಿ ಗೂಡಿನ ಪುಟ್ಟ ಜೀವಿ ಬಾರ್ನಕಲ್‌ಗಳನ್ನು ಶೇಕಡಾದಲ್ಲಿ ಬರೆಯುತ್ತೇವೆ; ಓಡಾಡುವ ಪ್ರಾಣಿಗಳನ್ನು ಒಂದೊಂದಾಗಿ ಎಣಿಸುತ್ತೇವೆ. ಹೆಚ್ಚು ತಪ್ಪು ಬಾರ್ನಕಲ್‌ನಲ್ಲೇ. ಜೀವಂತ ಬಾರ್ನಕಲ್‌ನ ಬಾಯಿಗೆ ಮುಚ್ಚಳದಂಥ ಫಲಕಗಳಿದ್ದು, ನಡುವೆ ಸಣ್ಣ ಸೀಳು ಕಾಣುತ್ತದೆ. ಸತ್ತದ್ದು ಬರೀ ಬಟ್ಟಲು. ಆ ಬಟ್ಟಲೊಳಗೆ ಸಾಸಿವೆಗಿಂತ ತುಸು ದೊಡ್ಡ ಬಸವನಹುಳು ಬಿಸಿಲಿಗೆ ಅಡಗಿರುವುದುಂಟು. ದೂರದಿಂದ ಅದೇ ಮುಚ್ಚಳದಂತೆ ಕಾಣುತ್ತದೆ. ಹಾಗಾಗಿ ಹತ್ತು ಪಟ್ಟಿನ ಭೂತಗನ್ನಡಿ ಕಡ್ಡಾಯ, ಖಾಲಿ ಬಟ್ಟಲಿಗೆ ಬೇರೆಯೇ ಅಂಕಣ. ಬಸವನಹುಳುವಿನ ಖಾಲಿ ಚಿಪ್ಪಿನಲ್ಲಿ ವಾಸಿಸುವ ಸನ್ಯಾಸಿ ಏಡಿಯೂ ಇಂಥದೇ ಗೊಂದಲ ತರುತ್ತದೆ: ನೆರಳು ಬೀಳಿಸದೆ ಅರ್ಧ ನಿಮಿಷ ಕಾದರೆ ಚಿಪ್ಪಿನಿಂದ ಕಾಲು ಹೊರಬರುತ್ತವೆ.

ಬಂಡೆಗೆ ಬಿಗಿಯಾಗಿ ಅಂಟಿರುವ, ಟೋಪಿಯಂಥ ಚಿಪ್ಪಿನ ಲಿಂಪೆಟ್ ಕೀಳಬೇಡಿ, ಅದರ ಪಾದ ಹರಿಯುತ್ತದೆ. ಮಗುಚಿದ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಇಡಿ. ಅಡಿಯಲ್ಲಿ ಅಂಟಿದ ಸ್ಪಂಜು, ಮೊಟ್ಟೆಗಳು ಬಿಸಿಲು ತಡೆಯವು. ಇದೊಂದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಶಂಕುವಿನಾಕಾರದ ಚಿಪ್ಪನ್ನು ಮುಟ್ಟುವುದೇ ಬೇಡ, ಕೋನ್ ಬಸವನಹುಳುವಿನ ಕುಟುಕು ವಿಷದ್ದು. ಒಬ್ಬರು ಎಣಿಸದೆ, ಬರೆಯದೆ, ಅಲೆಯನ್ನೇ ನೋಡುತ್ತ ನಿಲ್ಲಬೇಕು.

ಮುಂದಿನ ಸುತ್ತಿಗೆ ಬಂಡೆಗುಂಡಿಗಳ ಉಪ್ಪಿನಂಶ ಬಾಕಿ. ಮಳೆ ಬಂದ ಮೇಲೆ ಸಿಹಿನೀರು ಮೇಲೇ ನಿಲ್ಲುವುದರಿಂದ ಮೇಲ್ಪದರದ ನೀರು, ತಳದ ನೀರು ಎರಡನ್ನೂ ಬೇರೆ ಬೇರೆ ಸಿರಿಂಜಿನಲ್ಲಿ ಎಳೆಯಬೇಕು; ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಮೊದಲು ಡಿಸ್ಟಿಲ್ಡ್ ನೀರು ಹಾಕಿ ಸೊನ್ನೆಗೆ ತಂದುಕೊಳ್ಳಬೇಕು.