ರೆಪ್ಪೆಯೊಳಗೆ ಇಡುವ ಔಷಧಿ

ಕಣ್ಣಿಗೆ ಬಿಡುವ ಒಂದು ಹನಿ ಡ್ರಾಪ್ಸ್ ಸುಮಾರು 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಕಣ್ಣು ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ 30. ರೆಪ್ಪೆ ಬಡಿದರೆ ಅಷ್ಟೂ ಇಲ್ಲ. ಉಳಿದದ್ದು ಕೆನ್ನೆ ಮೇಲೆ ಇಳಿಯುತ್ತದೆ, ಇಲ್ಲವೇ ಕಣ್ಣಿನ ಮೂಲೆಯ ಸಣ್ಣ ನಾಳದಿಂದ ಮೂಗಿಗೆ ಹೋಗುತ್ತದೆ. ಕಣ್ಣೊಳಗೆ ಸೇರುವ ಔಷಧಿ ಸಾಮಾನ್ಯವಾಗಿ ನೂರಕ್ಕೆ ಐದು ಭಾಗವೂ ಇಲ್ಲ. ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವ ನಮ್ಮ ದೊಡ್ಡಮ್ಮ "ಕಣ್ಣಿಗೆ ಹಾಕಿದ್ದು ಗಂಟ್ಲಲ್ಲಿ ಕಹಿ ಬರ್ತೈತಲ್ಲ ಮಗಾ" ಅನ್ನುತ್ತಾರೆ. ಅವರು ಹೇಳುವುದು ನಿಜ. ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಎಂಬ ಔಷಧಿ ಹೀಗೆ ಮೂಗಿನಿಂದ ರಕ್ತಕ್ಕೆ ಸೇರಿದರೆ ಅಸ್ತಮಾ ಇರುವವರಿಗೆ ಉಸಿರಾಟದ ತೊಂದರೆ ಆಗಬಹುದು.

ದಾವಣಗೆರೆಯಲ್ಲಿ ಎಂ.ಫಾರ್ಮ್ ಓದುತ್ತಿರುವ ನಾನು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದು ಟಿಮೊಲಾಲ್ ಇನ್ಸರ್ಟ್. ಕೆಳರೆಪ್ಪೆಯೊಳಗೆ ಇಡುವ ತೆಳು ಫಿಲ್ಮಿನ ತುಂಡು ಅದು. ಎಚ್‌ಪಿಎಂಸಿ ಎಂಬ, ಒಣಗಿದರೆ ಫಿಲ್ಮ್ ಆಗುವ ಪುಡಿಯನ್ನು ನೀರಿನಲ್ಲಿ ಕರಗಿಸಿ, ಔಷಧಿ ಮತ್ತು ಸ್ವಲ್ಪ ಗ್ಲಿಸರಿನ್ ಬೆರೆಸಿ ಪೆಟ್ರಿ ಡಿಶ್‌ಗೆ ಸುರಿಯುತ್ತೇನೆ. ನಿಧಾನ ಆರಲಿ ಅಂತ ಮೇಲೆ ಫನೆಲ್ ಬೋರಲು ಹಾಕುತ್ತೇನೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಅಂಚು ಗರಿಗರಿಯಾಗಿ ಚಟ್ ಅಂತ ಮುರಿಯುತ್ತದೆ. ಮಳೆಗಾಲದಲ್ಲಿ ಅದೇ ಫಿಲ್ಮ್ ತೇವ ಹೀರಿ ಬೆರಳಿಗೆ ಅಂಟುತ್ತದೆ. ಗ್ಲಿಸರಿನ್ ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅರ್ಧ ಒಣಗಿದ ಹಪ್ಪಳದ ಹಾಗೆ ಬಾಗಬೇಕು, ಮುರಿಯಬಾರದು.

ಟಿಮೊಲಾಲ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಬರೀ ಎಚ್‌ಪಿಎಂಸಿ ಇದ್ದರೆ ಔಷಧಿ ಬೇಗ ಖಾಲಿ. ಅದಕ್ಕೇ ಎರಡೂ ಕಡೆ ಈಥೈಲ್ ಸೆಲ್ಯುಲೋಸ್ ಪದರ ಹಾಕುತ್ತೇವೆ. ಅದು ನೀರಿನಲ್ಲಿ ಕರಗುವುದಿಲ್ಲ, ಔಷಧಿ ಸ್ವಲ್ಪಸ್ವಲ್ಪವೇ ಜಿನುಗುತ್ತದೆ. ಕಣ್ಣೀರಿನಂತೆ ತಯಾರಿಸಿದ ದ್ರಾವಣದಲ್ಲಿ, 37 ಡಿಗ್ರಿ ಬಿಸಿಯಲ್ಲಿ, ಎಷ್ಟು ಹೊತ್ತಿಗೆ ಎಷ್ಟು ಬಂತು ಅಂತ ಅಳೆಯುತ್ತೇವೆ. ಗ್ರಾಫಿನಲ್ಲಿ ಗೆರೆ ನೇರವಾಗಿ ಬಂದರೆ ಔಷಧಿ ಗಂಟೆಗಂಟೆಗೂ ಒಂದೇ ಸಮ ಬರುತ್ತಿದೆ ಅಂತ ಅರ್ಥ; ಅಂಥ ದಿನ ಲ್ಯಾಬಿನಲ್ಲಿ ಎಲ್ಲರಿಗೂ ಖುಷಿ.

ಆದರೆ ನೇರ ಗೆರೆ ಒಂದೇ ಸಾಕಾ? 1974ರಲ್ಲಿ ಅಮೆರಿಕದ ಅಲ್ಜಾ ಕಂಪನಿಯ ಇಂಥದ್ದೇ ಇನ್ಸರ್ಟ್ ಆದ ಆಕ್ಯುಸರ್ಟ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ತೆಳು ಪದರಗಳ ನಡುವೆ ಗ್ಲಾಕೋಮಾದ ಇನ್ನೊಂದು ಔಷಧಿ ಪೈಲೋಕಾರ್ಪಿನ್. ಗಂಟೆಗೆ 20 ಅಥವಾ 40 ಮೈಕ್ರೋಗ್ರಾಂ, ಒಂದು ವಾರದವರೆಗೆ. ಎಷ್ಟು ಅಚ್ಚುಕಟ್ಟಾದ ಕೆಲಸ! ಕಣ್ಣಿಗೆ ಕಾಣಲಿ ಅಂತ ಸುತ್ತ ಬಿಳಿ ಉಂಗುರವನ್ನೂ ಕೊಟ್ಟಿದ್ದರು. ಆದರೂ ವಯಸ್ಸಾದವರಿಗೆ ಅದನ್ನು ರೆಪ್ಪೆಯೊಳಗೆ ಇಟ್ಟುಕೊಳ್ಳುವುದು ಕಷ್ಟವಾಯಿತು. ಕೆಲವರಿಗೆ ಗೊತ್ತಾಗದ ಹಾಗೆ ಬಿದ್ದೇ ಹೋಗುತ್ತಿತ್ತು. ಈಗ ಅದು ಮಾರುಕಟ್ಟೆಯಲ್ಲಿ ಇಲ್ಲ. ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ನಾವು ಫಿಲ್ಮಿನ ದಪ್ಪ ಅಳೆಯುತ್ತೇವೆ. ಒಂದೇ ಜಾಗದಲ್ಲಿ ಮಡಚಿ ಮಡಚಿ ಎಷ್ಟು ಸಲಕ್ಕೆ ಮುರಿಯಿತು ಅಂತ ಎಣಿಸುತ್ತೇವೆ. ನಡುಗುವ ಬೆರಳು ಅದನ್ನು ಎತ್ತಿಕೊಳ್ಳಬಲ್ಲದಾ ಅಂತ ಮಾತ್ರ ನೋಡುವುದಿಲ್ಲ. ಗ್ಲಾಕೋಮಾ ಜಾಸ್ತಿ ಬರುವುದೇ ವಯಸ್ಸಾದವರಿಗೆ ಅಲ್ವಾ? ಹಾಗಾದರೆ ಅದನ್ನೂ ಔಷಧಿ ಬಿಡುಗಡೆಯಷ್ಟೇ ಗಟ್ಟಿಯಾಗಿ ಪರೀಕ್ಷಿಸಬೇಕು. ಮುಂದಿನ ಬ್ಯಾಚ್ ಔಷಧಿ ಇಲ್ಲದೆ ಮಾಡುತ್ತೇನೆ, ಮೂಲೆ ಇಲ್ಲದ ಮೊಟ್ಟೆಯಾಕಾರದಲ್ಲಿ ಕತ್ತರಿಸಿ. ಕಣ್ಣಿಗೆ ಹಾಕಲು ಅಲ್ಲ, ಅರವತ್ತು ದಾಟಿದವರು ಸುಮ್ನೆ ಕೈಯಲ್ಲಿ ಎತ್ತಿ ನೋಡಲಿ ಅಂತ. ಗೈಡ್ ಮೇಡಂ ಒಪ್ಪಿದ್ದಾರೆ. ಯಾವ ಅಳತೆಯದು ಸುಲಭವಾಗಿ ಕೈಗೆ ಸಿಗುತ್ತದೋ ಅದಕ್ಕೇ ಟಿಮೊಲಾಲ್ ಸೇರಿಸುವುದು.