ಗುಡ್ಡದ ಆಚೆ ನೋಡಿಕೊಂಡು ಬಂದದ್ದು

ತುಮಕೂರು, 18 ಮೇ 2025, ಭಾನುವಾರ

ಅಕ್ಕ ಕೋಲಾರದಿಂದ ಮಗನನ್ನು ಕರ್ಕೊಂಡು ಬಂದು ಬಿಟ್ಟು ಹೋಗಿದ್ದಾಳೆ, ರಜೆ ಮುಗಿಯೋವರೆಗೂ ಇಲ್ಲೇ. ಬಟವಾಡಿ ಬಿಸಿಲಿಗೆ ಆಚೆ ಕಾಲಿಡೋ ಹಾಗಿರಲಿಲ್ಲ. ಅವನು ಲ್ಯಾಪ್‌ಟಾಪ್‌ನಲ್ಲಿ ಸಿವಿಲೈಜೇಷನ್ 6 ಅನ್ನೋ ರಾಜ್ಯ ಕಟ್ಟೋ ಆಟ ಹಾಕಿಕೊಂಡು ಕೂತ, ನಾನು ಪಕ್ಕದಲ್ಲಿ.

ಪಕ್ಕದ ರಾಜ್ಯದ ಮೇಲೆ ಯುದ್ಧ ಸಾರಿ ಬಿಲ್ಲುಗಾರರನ್ನು ಗುಡ್ಡದ ಆಚೆ ಕಳಿಸಿದ. ಅಲ್ಲಿ ದೊಡ್ಡ ಪಡೆಯೇ ಕಾದಿತ್ತು. ತಕ್ಷಣ ಹಳೇ ಸೇವ್ ತೆಗೆದು, ಯುದ್ಧಕ್ಕೆ ಮುಂಚೆ ಆಟ ಉಳಿಸಿಟ್ಟಿದ್ದ ಜಾಗಕ್ಕೆ ವಾಪಸ್ ಹೋದ. ಈ ಸಲ ಯುದ್ಧ ಇಲ್ಲ, ಊರಿಗೆ ಗೋಡೆ ಕಟ್ಟಿಸಿದ. "ನೋಡಿದ್ಯಾ ಮಾಮ, ಹೆಂಗೆ ಅಂದಾಜು ಮಾಡ್ದೆ!"

"ಅಂದಾಜು ಎಲ್ಲಿ ಬಂತೋ? ನೋಡ್ಕೊಂಡು ಬಂದೆ. ಅದು ಮೋಸ."

"ಕಂಪ್ಯೂಟರ್ ಮಾಡೋದು ಮೋಸ ಅಲ್ವಾ? ಎಲ್ಲಕ್ಕಿಂತ ಕಷ್ಟದ ಡೀಟಿ ಲೆವೆಲ್‌ನಲ್ಲಿ ಅದಕ್ಕೆ ಶುರುವಲ್ಲೇ ಊರು ಕಟ್ಟೋ 3 ಸೆಟ್ಲರ್, ನನಗೆ ಒಂದೇ. ಕಾಳಗದಲ್ಲೂ ಅದಕ್ಕೆ 4 ಪಾಯಿಂಟ್ ಜಾಸ್ತಿ."

ಮಾತು ನಿಜ. ಆದರೆ ಅದು ಬಚ್ಚಿಟ್ಟ ವಿಷಯ ಅಲ್ಲ, ಆ ಲೆವೆಲ್ ಆರಿಸಿಕೊಂಡವನೂ ಇವನೇ. ನಮ್ಮ ಆಡು-ಹುಲಿ ಆಟದಲ್ಲಿ ಒಬ್ಬರಿಗೆ 3 ಹುಲಿ, ಇನ್ನೊಬ್ಬರಿಗೆ 15 ಆಡು, ಯಾರಾದರೂ ಮೋಸ ಅಂತಾರಾ?

ಹಾಗೆ ನೋಡಿದರೆ ಚೀಟ್ ಕೋಡ್ ಬಗ್ಗೆಯೂ ನನಗೆ ಅಷ್ಟು ಸಿಟ್ಟಿಲ್ಲ. 1999ರ ಏಜ್ ಆಫ್ ಎಂಪೈರ್ಸ್ 2ರಲ್ಲಿ ಕೋಡ್ ಹೊಡೆದು ಆಹಾರ ತುಂಬಿಕೊಳ್ಳಿ, ಕೋಟೆ ಕಟ್ಟಿ, ಖುಷಿಪಡಿ. ಆದರೆ ಅದೇ ಆಟದಲ್ಲಿ "ಮಾರ್ಕೊ" ಅಂತ ಟೈಪ್ ಮಾಡಿದರೆ ಅಲ್ಲಿಯವರೆಗೆ ಮುಚ್ಚಿದ್ದ ಇಡೀ ಮ್ಯಾಪ್ ತೆರೆದುಕೊಳ್ಳುತ್ತದೆ. ಅದು ನನಗೆ ಸಹಿಸೋಕೆ ಆಗಲ್ಲ. ಏನಿದೆ ಅಂತ ಗೊತ್ತಿಲ್ಲದೆ ತೀರ್ಮಾನ ಮಾಡೋದೇ ಈ ಆಟಗಳ ಜೀವ. ಮುಂದಾಗೋದನ್ನು ನೋಡಿ ಹಿಂದೆ ಬಂದು, ನಾನೇ ಯೋಚಿಸಿದೆ ಅನ್ನೋದರಲ್ಲಿ ಅದೇ ಹೋಗಿಬಿಡುತ್ತದೆ. ಕೈ ಜಾರಿ ಬೇರೆ ಕಡೆ ಕ್ಲಿಕ್ ಆಯ್ತು ಅಂದರೆ ಸೇವ್ ತೆಗೀಲಿ, ತಕರಾರಿಲ್ಲ.

2012ರ ಎಕ್ಸ್‌ಕಾಮ್ ಅನ್ನೋ ಆಟದಲ್ಲಿ ಇದಕ್ಕೆ ಕಡಿವಾಣ ಇತ್ತು. ಗುರಿ ತಪ್ಪಿತು ಅಂತ ಹಿಂದೆ ಹೋಗಿ ಅದೇ ಗುಂಡು ಹಾರಿಸಿದರೆ ಮತ್ತೆ ತಪ್ಪುತ್ತದೆ, ಯಾಕಂದರೆ ಅದೃಷ್ಟದ ಲೆಕ್ಕವೂ ಸೇವ್ ಜೊತೆಗೇ ಉಳಿದಿರುತ್ತದೆ. ಅದರಲ್ಲಿ ಐರನ್‌ಮ್ಯಾನ್ ಅನ್ನೋ ಆಯ್ಕೆ ಇಟ್ಟರಂತೂ ಒಂದೇ ಸೇವ್, ಹಿಂದೆ ಹೋಗೋ ದಾರಿಯೇ ಇಲ್ಲ. ಹುಡುಗನಿಗೆ ಹೇಳಿದೆ. ಮುಖ ಊದಿಸಿಕೊಂಡು ಲ್ಯಾಪ್‌ಟಾಪ್ ಮುಚ್ಚಿ ಅಜ್ಜಿ ಹತ್ತಿರ ಹೋದ. ನನಗೂ ಬೇಜಾರಾಯಿತು, ರಜೆಗೆ ಬಂದ ಮಗು.

ರಾತ್ರಿ ಮುದ್ದೆ ಮುರೀತಾ ಅವನೇ ತೆಗೆದ. "ಮಾಮ, ಪೂರ್ತಿ ಸೋತು, ಅದೇ ಮ್ಯಾಪನ್ನು ಮೊದಲಿಂದ ಆಡಿದ್ರೆ? ಯಾರು ಎಲ್ಲಿದ್ದಾರೆ ಅಂತ ಗೊತ್ತಿರುತ್ತಲ್ಲ?"

ಗೊತ್ತಿರುತ್ತೆ, ಹೌದು. ಆದರೆ ಅದು ಸೋತು ಕಲಿತದ್ದು, ಅದಕ್ಕೆ ಬೆಲೆ ಕೊಟ್ಟಾಗಿದೆ ಅಂತ ಹೇಳಬೇಕು ಅಂದುಕೊಂಡೆ, ಹಾಗಂದರೆ ಹತ್ತು ಟರ್ನ್ ಸೋತು ಹಿಂದೆ ಬಂದವನೂ ಹತ್ತು ಟರ್ನ್‌ನಷ್ಟು ಬೆಲೆ ಕೊಟ್ಟಿದ್ದಾನಲ್ಲ ಅಂತಾನೆ ಇವನು, ಆಗ